ಪೊದೆಯ ಹಕ್ಕಿ, ಬೋಳುಗುಡ್ಡದ ಹಕ್ಕಿ

ಚಳಿಗಾಲದಲ್ಲಿ ಈ ಎರಡು ಹಕ್ಕಿಗಳನ್ನು ಪಕ್ಕಪಕ್ಕ ಇಟ್ಟರೆ ದಕ್ಷಿಣದಿಂದ ಬಂದ ಪಾದ್ರಿಗೆ ಎರಡೂ ಒಂದೇ. ಎರಡೂ ಕೌಜುಗದ ಕುಲದವು, ಎರಡೂ ಹಿಮದಷ್ಟೇ ಬಿಳಿ. ಬಾಲ ಎರಡಕ್ಕೂ ಕಪ್ಪು, ಎರಡರ ಕಾಲಿಗೂ ಉಗುರಿನವರೆಗೆ ಪುಕ್ಕ. ಆದರೆ ಉತ್ತರದ ಈ ತುದಿಯಲ್ಲಿರುವ ನಮಗೆ ಒಂದು ರಿಯೆವ್ಸಾತ್, ಇನ್ನೊಂದು ಗಿರೊನ್. ರಿಯೆವ್ಸಾತ್ ಪೊದೆಯ ಹಕ್ಕಿ. ನದಿಯ ದಂಡೆಯ ಕುರುಚಲಿನಲ್ಲಿ ಮೊಗ್ಗು ತಿಂದು ಮೈ ಬೆಳೆಸುತ್ತದೆ. ಗಿರೊನ್ ಕಲ್ಲಿನ ಹಕ್ಕಿ, ಮರ ಹುಟ್ಟದ ಬೋಳುಗುಡ್ಡದ ಮೇಲೆ ಗಾಳಿಗೆ ಮುಖ ಕೊಟ್ಟು ಬದುಕುತ್ತದೆ. ಅದು ಸ್ವಲ್ಪ ಸಣ್ಣದು, ಕೊಕ್ಕು ತೆಳು. ಗಂಡಾದರೆ ಕೊಕ್ಕಿನಿಂದ ಕಣ್ಣಿನವರೆಗೆ ಕಾಡಿಗೆ ಎಳೆದಂತೆ ಒಂದು ಕಪ್ಪು ಗೆರೆ ಇರುತ್ತದೆ. ತಲೆ ತೆಗೆದು, ಪುಕ್ಕ ತರಿದು ಪಾತ್ರೆಗೆ ಹಾಕಿದ ಮೇಲೆ ಯಾವುದು ಯಾವುದೆಂದು ನಾನೂ ಹೇಳಲಾರೆ.

ಇದನ್ನು ಹೇಳುತ್ತಿರುವುದು ಹಕ್ಕಿಯ ಚಂದ ಹೊಗಳುವುದಕ್ಕಲ್ಲ. ಹಕ್ಕಿಯ ಹೆಸರು ಹೇಳಿದರೆ ನಮ್ಮಲ್ಲಿ ನೆಲದ ಹೆಸರು ಹೇಳಿದಂತೆ. ಯಾರೂ ಯಾರನ್ನೂ ‘ಉರುಲು ಎಲ್ಲಿ ಒಡ್ಡಿದ್ದೀಯ’ ಎಂದು ಕೇಳುವುದಿಲ್ಲ. ಅದು ಗಂಡ ಹೆಂಡಿರ ಹಾಸಿಗೆಯ ಮಾತು ಕೇಳಿದಷ್ಟೇ ಅಸಹ್ಯ. ತೀರಾ ಬೇಕಾದರೆ ‘ಯಾವ ಹಕ್ಕಿ ಸಿಗ್ತಿದೆ’ ಎನ್ನಬಹುದು. ಕೇಳಿದವನು ಜಾಣನಾದರೆ ಅಷ್ಟು ಸಾಕು. ಉರುಲಿನ ನೆಲ ಅಪ್ಪನಿಂದ ಮಗನಿಗೆ ಬರುತ್ತದೆ. ಪಕ್ಕದ ಮನೆಯ ಉಗ್ರಾಣದಿಂದ ಮಾಂಸ ಕದ್ದವನನ್ನು, ಹಸಿವಿತ್ತು ಪಾಪ, ಎಂದು ಬಿಟ್ಟುಬಿಡುತ್ತೇವೆ. ಇನ್ನೊಬ್ಬನ ಉರುಲಿನ ನೆಲಕ್ಕೆ ಕಾಲಿಟ್ಟವನ ಹೆಸರು ಮಾತ್ರ ಅವನ ಮೊಮ್ಮಕ್ಕಳಿಗೂ ಮಸಿಯಂತೆ ಅಂಟಿಕೊಂಡಿರುತ್ತದೆ.

ನನ್ನ ಪಕ್ಕದ ಗುಡಿಸಲಿನ ಸಾಮ್ಮೊಲ್ ಹಾಗೂ ಅವನ ಅಣ್ಣ ಓವ್ಲಾ ಇಬ್ಬರಿಗೂ ಅವರ ಅಪ್ಪ ನೆಲ ಹಂಚಿಕೊಟ್ಟು ಸತ್ತಿದ್ದ. ಕೆಳಗೆ ದೆಯತ್ನು ನದಿಯ ದಂಡೆಯ ಪೊದೆಗಳು ಕಿರಿಯವನಿಗೆ, ಮೇಲಿನ ಬೋಳುಗುಡ್ಡ ಹಿರಿಯವನಿಗೆ. ಕಿರಿಯವನಿಗೇ ಒಳ್ಳೆಯ ಪಾಲು ಸಿಕ್ಕಿತೆಂದು ಆಗ ಜನ ಆಡಿಕೊಂಡಿದ್ದರು. ರಿಯೆವ್ಸಾತ್‌ಗೆ ಅಂಗಡಿಯಲ್ಲಿ ಬೆಲೆ ಹೆಚ್ಚು, ದಾರಿಯೂ ಹತ್ತಿರ. ಓವ್ಲಾ ತುಟಿ ಎರಡು ಮಾಡಲಿಲ್ಲ. ಅವನು ಮೊದಲಿಂದಲೂ ಹಾಗೆ. ಮದುವೆ ಮಾಡಿಕೊಳ್ಳುವುದಕ್ಕೂ ಬಾಯಿ ತೆರೆಯಬೇಕಲ್ಲ, ಅದಕ್ಕೇ ಒಂಟಿಯಾಗಿ ಉಳಿದ ಎಂದು ನಾನೇ ಅವನನ್ನು ಎಷ್ಟೋ ಸಲ ರೇಗಿಸಿದ್ದೆ. ಸಾಮ್ಮೊಲ್ ಅವನ ತದ್ವಿರುದ್ಧ. ಬಾಗಿಲಲ್ಲಿ ಕಾಲಿಡುವ ಮೊದಲೇ ಅವನ ನಗು ಒಳಗೆ ಬಂದಿರುತ್ತಿತ್ತು.

ಆಮೇಲೆ ಯುದ್ಧ ಬಂತು. ಜರ್ಮನ್ನರು ಓಡಿಹೋಗುವಾಗ ನಮ್ಮ ಮನೆ, ದೋಣಿ, ಹುಲ್ಲಿನ ಬಣವೆ ಯಾವುದನ್ನೂ ಬಿಡದೆ ಸುಟ್ಟರು. ನಾವು ವಾಪಸು ಬಂದಾಗ ಕಲ್ಲಿನ ಒಲೆಗಳು ಮಾತ್ರ ನಿಂತಿದ್ದವು. ಅಲ್ಲೊಂದು ಇಲ್ಲೊಂದು ಸಿಕ್ಕಿದ ಹಲಗೆ ಜೋಡಿಸಿ, ಮೇಲೆ ಹುಲ್ಲುಗಟ್ಟಿದ ಮಣ್ಣು ಹೊದಿಸಿ ಗುಡಿಸಲು ಮಾಡಿಕೊಂಡೆವು. ಎಲ್ಲ ಕಳೆದುಕೊಂಡವರಿಗೆ ಇದ್ದದ್ದು ಒಂದೇ, ಹೆಸರು. ಅದೊಂದನ್ನು ಯಾರೂ ಸುಟ್ಟಿರಲಿಲ್ಲ. ಹಾಗಾಗಿ ನಾವೆಲ್ಲ ಅದನ್ನು ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಅಪ್ಪಿಕೊಂಡಿದ್ದೆವು ಎಂದು ನನಗೆ ಈಗ ಅನ್ನಿಸುತ್ತದೆ.

ಯುದ್ಧ ಮುಗಿದ ಎರಡನೆಯ ಚಳಿಗಾಲ ನದಿಯ ದಂಡೆಯಲ್ಲಿ ಹಕ್ಕಿಯೇ ಇಲ್ಲ. ರಿಯೆವ್ಸಾತ್ ಹಾಗೆಯೇ, ಕೆಲವು ವರ್ಷ ಮುಗಿಬೀಳುತ್ತವೆ, ಕೆಲವು ವರ್ಷ ಎಲ್ಲಿ ಸತ್ತವೋ ಎನ್ನುವಂತೆ ಮಾಯವಾಗುತ್ತವೆ. ಅಲ್ಲಿ ಪೊದೆಗಳನ್ನೂ ಅರ್ಧ ಕಡಿದಾಗಿತ್ತು. ಸುಟ್ಟ ಊರಿಗೆ ಸೌದೆ ಬೇಡವೇ? ಸಾಮ್ಮೊಲ್ ದಿನಾ ಸ್ಕೀ ಕಟ್ಟಿಕೊಂಡು ಹೋಗುತ್ತಿದ್ದ, ದಿನಾ ಬರುತ್ತಿದ್ದ. ಅವನ ಹೆಂಡತಿ ರಾವ್ದ್ನಾಳ ಒಲೆಯ ಮೇಲೆ ಸಾರು ಮಾತ್ರ ಕುದಿಯುತ್ತಲೇ ಇತ್ತು. ಇಬ್ಬರು ಹೆಣ್ಣುಮಕ್ಕಳ ಕೆನ್ನೆ ಕೆಂಪಾಗಿಯೇ ಇತ್ತು. ನಾನು ಗಂಡ ಸತ್ತವಳು, ಉರುಲು ಒಡ್ಡುವವಳಲ್ಲ. ಪಕ್ಕದ ಮನೆಯಲ್ಲಿ ಮಕ್ಕಳು ಉಣ್ಣುತ್ತಿವೆಯಲ್ಲ ಎಂದು ಸಮಾಧಾನಪಟ್ಟುಕೊಂಡೆ, ಅಷ್ಟೇ.

ಸೂರ್ಯ ಮುಖ ತೋರಿಸದ ತಿಂಗಳಲ್ಲಿ ಒಂದು ದಿನ ಗಾಳಿ ಎದ್ದಿತು. ಸಾಮ್ಮೊಲ್ ಬೆಳಗ್ಗೆ ಹೋದವನು ಬರಲಿಲ್ಲ. ಮರುದಿನ ಗಾಳಿ ನಿಂತು, ನಡುಹಗಲಿನ ನೀಲಿ ಬೆಳಕು ಹರಡುವ ಹೊತ್ತಿಗೆ ಊರಿನ ಗಂಡಸರೆಲ್ಲ ರಾವ್ದ್ನಾಳ ಗುಡಿಸಲಲ್ಲಿ ಸೇರಿದರು. ಮಕ್ಕಳನ್ನು ನನ್ನ ಮನೆಗೆ ಕಳಿಸಿ ನಾನು ಕಾಫಿ ಕಾಯಿಸುತ್ತ ಒಲೆಯ ಹತ್ತಿರ ಕೂತೆ. ಅದು ಕಾಫಿಯಲ್ಲ, ಹುರಿದ ಬಾರ್ಲಿ. ನಿಜವಾದ ಕಾಫಿ ಇದ್ದಿದ್ದರೆ ಯಾರಿಗಾದರೂ ನಾಲಿಗೆ ಸಡಿಲವಾಗುತ್ತಿತ್ತೋ ಏನೋ.

ಹುಡುಕುವವರು ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗಬೇಕಿತ್ತು. ಗಾಳಿ ಸ್ಕೀ ಗುರುತನ್ನೆಲ್ಲ ಒರೆಸಿಹಾಕಿತ್ತು. ಮೇಲೋ ಕೆಳಗೋ, ಎರಡರಲ್ಲಿ ಒಂದು. ಎರಡೂ ಕಡೆ ಹೋಗುವಷ್ಟು ಜನರೂ ಇರಲಿಲ್ಲ, ಬೆಳಕೂ ಇರಲಿಲ್ಲ. ಊರಿಗೆ ಹಿರಿಯನಾದ ಯೊವ್ನಾ, ಭಾನುವಾರ ನಮಗೆ ಬೈಬಲ್ ಓದಿ ಹೇಳುವವನು, ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ‘ಎಲ್ಲಿ’ ಎಂದು ಅವನೂ ಕೇಳಲಿಲ್ಲ.

“ಈಚೆಗೆ ಯಾವ ಹಕ್ಕಿ ತರ್ತಿದ್ದನಮ್ಮ?” ಎಂದ.

ರಾವ್ದ್ನಾ ಅವನನ್ನು ನೋಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಓವ್ಲಾನನ್ನು ನೋಡಿದಳು. ಓವ್ಲಾ ತನ್ನ ಕಾಲಿನ ತುದಿ ನೋಡುತ್ತಿದ್ದ.

“ರಿಯೆವ್ಸಾತ್,” ಎಂದಳು. “ಇನ್ನೇನ್ ತರ್ತಾನೆ? ಅವನ ನೆಲದಲ್ಲಿ ಇರೋದೇ ಅದು.”

ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಈ ವರ್ಷ ಪೊದೆ ಖಾಲಿ ಎಂದು ಅವರಿಗೂ ಕೇಳಿ ಗೊತ್ತಿತ್ತು. ಆದರೆ ಗಂಡ ಕಾಣೆಯಾದ ಹೆಂಗಸಿಗೆ ನೀನು ಹೇಳುತ್ತಿರುವುದು ಸುಳ್ಳು ಎಂದು ಯಾರು ಹೇಳುತ್ತಾರೆ? ಅವನು ನಮ್ಮೆಲ್ಲರಿಗಿಂತ ಗಟ್ಟಿಗ, ಅವನಿಗೆ ಸಿಕ್ಕಿರಬಹುದು ಎಂದುಕೊಂಡು ಎದ್ದರು. ಸಾಲಾಗಿ ನದಿಯ ಕಡೆ ಇಳಿದುಹೋದರು, ಓವ್ಲಾನೂ ಅವರ ಜೊತೆ ಹೋದ. ಕತ್ತಲಾಗುವವರೆಗೆ ಅವರು ಪೊದೆಗಳ ನಡುವೆ ಕೂಗುವುದು ಕೇಳಿಸುತ್ತಿತ್ತು. ಬರಿಗೈಯಲ್ಲಿ ಬಂದರು.

ಮಾರನೆಯ ಬೆಳಗ್ಗೆ ಮತ್ತೆ ಹೋದರು. ವಾಪಸು ಬಂದವರಿಗೆ ಬಿಸಿಯಾಗಿ ಏನಾದರೂ ಬೇಕಲ್ಲ, ಸಾರು ಮಾಡೋಣ ಎಂದು ನಾನು ರಾವ್ದ್ನಾಳ ಉಗ್ರಾಣಕ್ಕೆ ಹೋದೆ. ಅವಳು ಕೂಗಿ ಕರೆದಳು, ನಾನೇ ತರ್ತೀನಿ ಬಿಡು ಅಂದಳು. ಅಷ್ಟರಲ್ಲಿ ನಾನು ಒಳಗಿದ್ದೆ. ಕಂಬದ ಮೇಲೆ ಎತ್ತಿ ಕಟ್ಟಿದ ಸಣ್ಣ ಗೂಡು ಅದು. ಮೂಲೆಯಲ್ಲಿ ಹಿಮಸಾರಂಗದ ಚರ್ಮ ಹೊದಿಸಿಟ್ಟಿದ್ದನ್ನು ಎತ್ತಿದರೆ ಕೆಳಗೆ ಹೆಪ್ಪುಗಟ್ಟಿದ ಹಕ್ಕಿಗಳ ರಾಶಿ, ಪುಕ್ಕದ ಸಮೇತ. ನಾನು ಒಂದನ್ನು ಎತ್ತಿದೆ, ಇನ್ನೊಂದನ್ನು ಎತ್ತಿದೆ. ತೆಳು ಕೊಕ್ಕು. ಕೊಕ್ಕಿನಿಂದ ಕಣ್ಣಿಗೆ ಕಪ್ಪು ಗೆರೆ. ಗಿರೊನ್, ಓವ್ಲಾನ ಗುಡ್ಡದ ಹಕ್ಕಿ. ನಮ್ಮ ಅಂಗಡಿಯಲ್ಲಿ ಮಾರಿದರೆ ಊರಿಗೆಲ್ಲ ಗೊತ್ತಾಗುತ್ತದೆಂದು, ನದಿಯಾಚೆ ಫಿನ್ನರ ಕಡೆ ಸಾಗಿಸಲು ಸಾಮ್ಮೊಲ್ ಕೂಡಿಟ್ಟಿರಬೇಕು.

ಎರಡು ಹಕ್ಕಿಗಳನ್ನು ಕಾಲು ಹಿಡಿದು ನೇತಾಡಿಸಿಕೊಂಡು ಒಳಗೆ ಹೋದೆ. ಸಿಟ್ಟಿನಿಂದ ಅವಳ ಕಾಲ ಬಳಿ ಎಸೆದೆ.

“ಇದೇನೇ ರಾವ್ದ್ನಾ?”

ಅವಳು ಹಕ್ಕಿ ನೋಡಿ ಬೆಂಚಿನ ಮೇಲೆ ಕೂತುಬಿಟ್ಟಳು. “ಭಾವ ಎದುರಿಗೇ ನಿಂತಿದ್ರು ಅಕ್ಕ. ಏನಂತ ಹೇಳ್ಲಿ? ನಿಮ್ಮ ತಮ್ಮ ನಿಮ್ಮ ನೆಲದಲ್ಲೇ ಕದೀತಿದ್ದ ಅಂತಲಾ? ನಾಳೆ ಅವನು ನಡ್ಕೊಂಡು ಬಂದ್ರೆ ಯಾವ ಮುಖ ಇಟ್ಕೊಂಡು ಊರಲ್ಲಿ ಓಡಾಡ್ತಾನೆ?”

“ಮುಖ ಇಟ್ಕೊಳ್ಳೋಕೆ ಮೊದ್ಲು ಉಸಿರಿರ್ಬೇಕು ಕಣೇ.”

ಅವನು ಹಿಮದಲ್ಲಿ ಗೂಡು ತೋಡಿಕೊಂಡು ಇರುತ್ತಾನೆ, ಎಷ್ಟು ಗಾಳಿ ನೋಡಿದವನು, ಗಾಳಿ ನಿಂತ ಮೇಲೆ ಬಂದೇ ಬರುತ್ತಾನೆ ಎಂದುಕೊಂಡಿದ್ದಳಂತೆ. ಮೊದಲ ದಿನ ಹಾಗೆ ಕಾದಳು. ಆಮೇಲೆ ಹೇಳಿಬಿಡೋಣವೆಂದರೆ, ಮೊದಲು ಹೇಳಿದ ಸುಳ್ಳೇ ಅಡ್ಡ ನಿಂತಿತ್ತು. ಇಷ್ಟು ಹೇಳಿ, ಮಕ್ಕಳಾಣೆಗೂ ಮಕ್ಕಳ ಹೊಟ್ಟೆಗೋಸ್ಕರ ಹೋಗಿದ್ದ ಅಕ್ಕ, ಎಂದು ನನ್ನ ಅಂಗಿಯ ತುದಿ ಹಿಡಿದಳು. ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಹೊಡೆಯಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲು ಹೊತ್ತಿರಲಿಲ್ಲ. ಅವಳ ಕೈ ಬಿಡಿಸಿಕೊಂಡು ಹೊರಗೆ ಬಂದು ಸ್ಕೀ ಕಟ್ಟಿಕೊಂಡೆ.

ನದಿಗೆ ಹೋಗಿ ಯೊವ್ನಾನಿಗೆ ಹೇಳಿ, ಗಂಡಸರನ್ನೆಲ್ಲ ಗುಡ್ಡಕ್ಕೆ ತಿರುಗಿಸಬೇಕೆಂದು ಹೊರಟೆ. ಬರ್ಚ್ ಮರಗಳು ಮುಗಿಯುವ ಅಂಚಿನಲ್ಲಿ ದಾರಿ ಎರಡಾಗುತ್ತದೆ. ಅಲ್ಲಿ ಬಂದಾಗ ಮೇಲಿನಿಂದ ಯಾರೋ ಇಳಿಯುವುದು ಕಂಡಿತು. ಒಬ್ಬನೇ, ಹಿಂದೆ ಒಂದು ಜಾರುಬಂಡಿ ಎಳೆದುಕೊಂಡು. ನಡಿಗೆ ನೋಡಿದ ಕೂಡಲೇ ಓವ್ಲಾ ಎಂದು ಗೊತ್ತಾಯಿತು. ಬಂಡಿಯ ಮೇಲೆ ಏನಿದೆ ಎನ್ನುವುದೂ ಗೊತ್ತಾಯಿತು. ಆದರೂ ಹತ್ತಿರ ಬರುವವರೆಗೆ ಹಿಮಸಾರಂಗ ಇರಬಹುದು, ಹಿಮಸಾರಂಗ ಇರಲಿ ಎಂದುಕೊಳ್ಳುತ್ತಾ ನಿಂತೆ.

ಸಾಮ್ಮೊಲ್‌ನ ಒಂದು ಕಾಲು ಮಂಡಿಯ ಕೆಳಗೆ ತಿರುಚಿಹೋಗಿತ್ತು. ಗಾಳಿಯಲ್ಲಿ ಅಂಚು ಕಾಣದೆ ಬಂಡೆಯ ಮೇಲಿಂದ ಜಾರಿರಬೇಕು. ಬಿದ್ದ ಕಡೆಯೇ ಹಿಮ ತೋಡಿ ಮೈ ತೂರಿಸಿಕೊಂಡಿದ್ದ. ಚೀಲದಲ್ಲಿದ್ದ ಹಕ್ಕಿಗಳ ಪುಕ್ಕವನ್ನೆಲ್ಲ ತರಿದು ಅಂಗಿಯ ಒಳಗೆ, ತೋಳಿನ ಒಳಗೆ, ಪಾದರಕ್ಷೆಯ ಒಳಗೆ ತುರುಕಿಕೊಂಡಿದ್ದ. ಕುತ್ತಿಗೆಯ ಹತ್ತಿರ ಬಿಳಿ ಪುಕ್ಕ ಹೊರಗಿಣುಕಿ ಗಾಳಿಗೆ ಅಲುಗುತ್ತಿತ್ತು. ಅವನ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಅದೇ ಮೊದಲು ನೋಡಿದ್ದು.

ಓವ್ಲಾ ಹೆಗಲಿನ ಹಗ್ಗ ಕೆಳಗಿಟ್ಟ.

“ಉಸಿರಿರ್ಲಿಲ್ಲ. ಕಂಕುಳಲ್ಲಿ ಕೈ ಇಟ್ಟೆ ಗಾಡ್ಜಾ,” ಎಂದ. “ಇನ್ನೂ ಬೆಚ್ಚಗಿತ್ತು.”

ಹಿಂದಿನ ದಿನ ಅಷ್ಟೊಂದು ಗಂಡಸರು ಪೊದೆಯಲ್ಲಿ ಸಾಮ್ಮೊಲ್‌ನ ಹೆಸರು ಹಿಡಿದು ಕೂಗುತ್ತಿದ್ದಾಗ ಇವನು ಮೇಲೆ ಒಂದೊಂದೇ ಪುಕ್ಕ ಕಿತ್ತು ಎದೆಗೆ ತುಂಬಿಕೊಳ್ಳುತ್ತಿದ್ದ. ಕೂಗು ಅಲ್ಲಿಗೆ ಕೇಳಿಸಿತೋ ಇಲ್ಲವೋ, ಕೇಳಿಸಿದ್ದರೆ ಅವನಿಗೆ ಏನನ್ನಿಸಿತೋ. ಅದನ್ನು ನೆನೆದರೆ ನನಗೆ ಇವತ್ತಿಗೂ ಊಟ ಸೇರುವುದಿಲ್ಲ.

ಓವ್ಲಾ ಮೆಲ್ಲಗೆ ಹೇಳಿದ, ನದಿಯ ತಿರುವಿನಲ್ಲಿ ಸಿಕ್ಕಿದ ಅನ್ನುತ್ತೇನೆ, ನೀನೂ ಹಾಗೇ ಅನ್ನು. ಗುರುತು ಸಿಗಬಾರದೆಂದು ಸಾಮ್ಮೊಲ್‌ನ ಚೀಲದ ಹಕ್ಕಿಗಳ ತಲೆಯನ್ನು ಅವನು ಮೇಲೆಯೇ ಕೊಯ್ದು ಎಸೆದು ಬಂದಿದ್ದ. ನನಗೆ ರೇಗಿತು. ಸತ್ತವನ ಹೆಸರಿಗೆ ಇನ್ನೂ ಎಷ್ಟು ಗಿಲೀಟು ಹಾಕುತ್ತೀರಪ್ಪ, ಆ ಹೆಸರಿನ ದೆಸೆಯಿಂದಲೇ ಇವನು ಹೀಗೆ ಮಲಗಿರುವುದು ಎಂದೆ.

“ಹೆಸರಿಗಲ್ಲ,” ಎಂದ ಓವ್ಲಾ. “ಅವಳಿಗೆ. ಕೆಳಗೆ ಸತ್ತಿದ್ರೆ ಅವಳ ಮಾತಿಂದ ಸತ್ತಂಗಾಗಲ್ಲ.”

ನಾನು ಹಗ್ಗದ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಬಂಡಿಯನ್ನು ಸುತ್ತು ಹಾದಿಯಲ್ಲಿ ನದಿಯ ಕಡೆ ಎಳೆದೆವು. ತಿರುವಿನ ಪೊದೆಯ ಹತ್ತಿರ ನಿಂತು ಓವ್ಲಾ ಗಂಡಸರನ್ನು ಕೂಗಿ ಕರೆದ. ಅವರು ಬಂದು ಟೋಪಿ ತೆಗೆದರು. ಇಲ್ಲೇ ಎರಡು ಸಲ ಹಾದುಹೋಗಿದ್ದೆವಲ್ಲ ಎಂದು ಒಬ್ಬ ಅತ್ತ. ಅವನ ಕಣ್ಣೀರು ನೋಡಿ ನನ್ನ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಗುಡಿಸಲಿನಲ್ಲಿ ಹೆಣವನ್ನು ಹಲಗೆಯ ಮೇಲೆ ಮಲಗಿಸಿದರು. ಗಂಡಸರು ಶವಪೆಟ್ಟಿಗೆಗೆ ಮರ ಹುಡುಕಲು ಹೊರಗೆ ಹೋದರು. ಒಳಗೆ ರಾವ್ದ್ನಾ, ನಾನು, ಓವ್ಲಾ ಮೂವರೇ ಉಳಿದೆವು. ಅವಳು ಅಳಲಿಲ್ಲ. ಬಿಸಿನೀರಿಗೆ ಬಟ್ಟೆ ಅದ್ದಿ ಮುಖ ಒರೆಸಿದಳು, ಗಡ್ಡದ ಮಂಜುಗಡ್ಡೆ ಕರಗುವವರೆಗೆ ಬಟ್ಟೆಯನ್ನು ಹಾಗೇ ಒತ್ತಿಹಿಡಿದಳು. ಆಮೇಲೆ, ಎಲ್ಲಿ ಸಿಕ್ಕಿದ ಭಾವ, ಎಂದು ಕೇಳಿದಳು.

ಓವ್ಲಾ ದಾರಿಯುದ್ದಕ್ಕೂ ಕಲಿತುಕೊಂಡು ಬಂದದ್ದನ್ನು ಒಪ್ಪಿಸಿದ. ನದಿಯ ತಿರುವು, ದಟ್ಟ ಪೊದೆ, ಹತ್ತಿರವೇ ಹೋಗಿದ್ದರೂ ಕಾಣಲಿಲ್ಲ, ಬಿದ್ದ ದಿನವೇ ಜೀವ ಹೋಗಿದೆ, ನರಳಿಲ್ಲ. ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅವಳು ಕೇಳುತ್ತಲೇ ಗಂಡನ ಅಂಗಿಯ ಗುಂಡಿ ಬಿಚ್ಚುತ್ತಿದ್ದಳು. ಅಂಗಿ ತೆರೆದ ಕೂಡಲೇ ಪುಕ್ಕ ಹೊರಗೆ ಉಕ್ಕಿತು. ಹಲಗೆಯ ಮೇಲೆ, ಅವಳ ಮಡಿಲಿನಲ್ಲಿ, ನೆಲದ ಮೇಲೆ ಬಿದ್ದವು, ಒಲೆಯ ಬಿಸಿಗೆ ಕೆಲವು ಮೇಲಕ್ಕೂ ಹಾರಿದವು. ಅವಳು ಒಂದು ಹಿಡಿ ಎತ್ತಿಕೊಂಡು ನೋಡಿದಳು. ಪುಕ್ಕ ನೋಡಿ ಯಾವ ಹಕ್ಕಿ ಎಂದು ಹೇಳಲಾಗುವುದಿಲ್ಲ. ಅವಳು ನೋಡುತ್ತಿದ್ದುದು ಅದನ್ನಲ್ಲ.

“ಬಿದ್ದ ದಿನವೇ ಸತ್ತವನು ಇಷ್ಟೊಂದು ತರಿದನಾ ಭಾವ?”

ಓವ್ಲಾ ಬಗ್ಗಿ ನೆಲದ ಮೇಲಿನ ಪುಕ್ಕ ಹೆಕ್ಕತೊಡಗಿದ.

“ಪೊದೇಲಿ ಈ ವರ್ಷ ಹಕ್ಕೀನೇ ಇಲ್ಲ. ಮೇಲೆ ಹೋಗಿ ಅಂತ ನಿಮಗೆ ಯಾರು ಹೇಳಿದ್ರು? ಗಾಡ್ಜಕ್ಕಾನಾ?”

ಅವಳು ನನ್ನ ಕಡೆ ತಿರುಗಿದಳು. ನಾನು ತಲೆ ಅಲ್ಲಾಡಿಸಿದೆ. ನಾನು ಯಾರಿಗೂ ಹೇಳುವ ಮೊದಲೇ ಅವನು ಬಂಡಿ ಎಳೆದುಕೊಂಡು ಇಳಿಯುತ್ತಿದ್ದನಲ್ಲ. ಆ ಕ್ಷಣದವರೆಗೆ ಅದು ನನಗೆ ಹೊಳೆದಿರಲೇ ಇಲ್ಲ. ಗುಡ್ಡದಲ್ಲಿ ಹುಡುಕಬೇಕೆಂದು ಇವನಿಗೆ ಹೇಗೆ ಗೊತ್ತಾಯಿತು? ನಾನೂ ಓವ್ಲಾನ ಮುಖ ನೋಡಿದೆ.

“ಯಾರೂ ಹೇಳ್ಲಿಲ್ಲ,” ಎಂದ. “ಅವನ ಸ್ಕೀ ಗುರುತು ನಂಗೆ ಗೊತ್ತಿಲ್ವಾ? ಮೊದಲ ಹಿಮ ಬಿದ್ದಾಗಿಂದ ಬರ್ತಿದ್ದ. ಅವನಿಗೆ ಎದುರು ಸಿಕ್ಕೋದು ಬೇಡ ಅಂತ ನಾನೇ ನನ್ನ ಉರುಲು ಕಿತ್ಕೊಂಡು ಆಚೆ ಇಳಿಜಾರಿಗೆ ಹೋದೆ. ಮಕ್ಕಳು ಅವನಿಗಿದಾವೆ, ನನಗಿಲ್ಲ.”

ರಾವ್ದ್ನಾಳ ಕೈಯಿಂದ ಪುಕ್ಕ ಜಾರಿತು.

“ಗೊತ್ತಿತ್ತು. ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ನೀನು ಹೇಳ್ತೀಯ ಅಂತ ಕಾದೆ. ನೀನು ರಿಯೆವ್ಸಾತ್ ಅಂದ್ಬಿಟ್ಟೆ. ಅಷ್ಟು ಜನರ ಮುಂದೆ ‘ಅಲ್ಲಮ್ಮ, ನಿನ್ನ ಗಂಡ ನನ್ನ ನೆಲಕ್ಕೆ ಬರ್ತಿದ್ದ’ ಅಂತ ಹೆಂಗೆ ಹೇಳ್ಲಿ? ಒಂದು ದಿನ ಅವರ ಜೊತೆ ಹುಡುಕಿದಂಗೆ ಮಾಡಿ, ಬೆಳಗ್ಗೆ ಒಬ್ಬನೇ ಹೋಗಿ ಕರ್ಕೊಂಡು ಬರೋಣ ಅಂದ್ಕೊಂಡೆ.”

ಮಾತು ಮನೆ ಕೆಡಿಸಿತು ಎಂದು ದೊಡ್ಡವರು ಹೇಳುತ್ತಾರೆ. ಮಾತಾಡದೆ ಮನೆ ಕೆಟ್ಟದ್ದನ್ನು ಅವರು ಯಾರೂ ನೋಡಿರಲಿಕ್ಕಿಲ್ಲ. ಬಿಟ್ಟುಕೊಟ್ಟವನು ಬಿಟ್ಟುಕೊಟ್ಟೆ ಎನ್ನಲಿಲ್ಲ, ತೆಗೆದುಕೊಂಡವಳು ತೆಗೆದುಕೊಂಡೆವು ಎನ್ನಲಿಲ್ಲ. ಕದಿಯದ ಕಳ್ಳತನ ಮುಚ್ಚಿಡಲು ಇಬ್ಬರೂ ಒಂದು ಹಗಲು ಪೂರ್ತಿ ಖರ್ಚು ಮಾಡಿದ್ದರು. ಸಾಮ್ಮೊಲ್‌ನ ಹತ್ತಿರ ಉಳಿದಿದ್ದದ್ದೇ ಅಷ್ಟು.

ರಾವ್ದ್ನಾ ಓವ್ಲಾನ ಕಡೆ ತಿರುಗಿದಳು. ಬೈಯುತ್ತಾಳೆ, ಮೇಲೆ ಬೀಳುತ್ತಾಳೆ ಎಂದು ನಾನು ಎದ್ದು ನಿಂತಿದ್ದೆ. ಅವಳು ದನಿ ಏರಿಸಲಿಲ್ಲ.

“ನಾವಿಬ್ರೂ ಸೇರಿ ಅವನ ಮಾನ ಚೆನ್ನಾಗಿ ಕಾಪಾಡಿದ್ವಿ ಭಾವ,” ಎಂದಳು.

ಆಮೇಲೆ ತೋಳಿನೊಳಗೆ ಕೈಹಾಕಿ ಉಳಿದ ಪುಕ್ಕ ತೆಗೆಯತೊಡಗಿದಳು. ಯೊವ್ನಾ ಬಾಗಿಲು ತಟ್ಟಿ ಅರ್ಧ ತೆರೆದು, ಮರ ಸಿಕ್ಕಿದೆ, ಪೆಟ್ಟಿಗೆಗೆ ಉದ್ದ ಎಷ್ಟು ಬೇಕು ಎಂದು ತಗ್ಗಿದ ದನಿಯಲ್ಲಿ ಕೇಳಿದ. ರಾವ್ದ್ನಾ ತಲೆ ಎತ್ತಲಿಲ್ಲ. ಓವ್ಲಾ ಎದ್ದು, ನನ್ನಷ್ಟೇ ಇದ್ದ, ನನ್ನ ಅಳತೆಯನ್ನೇ ತೆಗೆದುಕೋ ಎಂದು ಹೇಳಿ ಅವನ ಜೊತೆ ಹೊರಗೆ ಹೋದ.